ಒಂದು ಬೆರಳು ಕೆಳಗೆ

ಹತ್ತು ಜಾಕೀಟು, ಹತ್ತಕ್ಕೂ ಬಲಭುಜಕ್ಕೆ ಚರ್ಮದ ಮೆತ್ತೆ,
ಪ್ಲಾಸ್ಟಿಕ್ ಕವರಿನಲ್ಲಿ ಹೊತ್ತು
ಅಲ್ ಐನಿನ ಹೊರಗೆ, ಹಫೀತ್ ಬೆಟ್ಟ ಕಾಣುವ ಶೂಟಿಂಗ್ ಕ್ಲಬ್ಬಿಗೆ
ಬಿಲ್ಲಿನ ದುಡ್ಡು ಕೇಳಲು ಹೋದವನು ನಾನು.
ಕ್ಯಾಷಿಯರ್ ನಮಾಜಿಗೆ ಹೋಗಿದ್ದ.

ಅಲ್ಲಿಯ ಮೇಷ್ಟ್ರು, ಸುಡಾನಿನ ತಾಜುಸ್ಸಿರ್,
ಖರ್ಜೂರದ ಬೀಜವನ್ನು ಹಲ್ಲಿನ ನಡುವೆ ಆಡಿಸುತ್ತ ಕರೆದ:
"ಖಯ್ಯಾತ್, ಹನ್ನೊಂದು ವರ್ಷದಿಂದ ಹೊಲಿಯುತ್ತೀ,
ಒಮ್ಮೆಯಾದರೂ ತೊಟ್ಟು ನೋಡಿದ್ದೀಯಾ?"

ನೋಡಿರಲಿಲ್ಲ.
ಗಂಗೊಳ್ಳಿಯಲ್ಲಿ ನಮ್ಮಪ್ಪ ಬ್ಯಾಂಡಿನವರ ಕೋಟು ಹೊಲಿದ,
ಪೀಪಿಯನ್ನು ಒಮ್ಮೆಯೂ ಬಾಯಿಗಿಡಲಿಲ್ಲ.
ಹೊಲಿದವರು ತೊಡುವುದಿಲ್ಲ, ನಮ್ಮ ಮನೆಯ ವಾಡಿಕೆ.

ಮೊದಲು ಬಂದೂಕನ್ನು ಮೊಣಕೈಯಂತೆ ಮಡಚಿ ತೋರಿಸಿದ:
ಎರಡು ಖಾಲಿ ನಳಿಗೆ, ಆಚೆ ತುದಿಯಲ್ಲಿ
ಎರಡು ಪುಟ್ಟ ಆಕಾಶ.
"ಆಕಾಶ ಕಾಣದ ಬಂದೂಕನ್ನು ಯಾರ ಕೈಯಿಂದಲೂ ತಗೋಬೇಡ.
ಮುಚ್ಚಿದ ಮೇಲೆ ಮೂತಿ ಬಯಲಿಗೇ.
ಮಾತಾಡಲು ತಿರುಗಬೇಡ, ಹೆಂಡತಿ ಕರೆದರೂ."
ಹೆಂಡತಿ ಕುಂದಾಪುರದಲ್ಲಿದ್ದಾಳೆ, ಅಂದೆ.
"ಫೋನಿನಲ್ಲಿ ಕರೆದರೂ."

ಕಿವಿಗೆ ಮುಚ್ಚಳ, ಕಣ್ಣಿಗೆ ಹಳದಿ ಕನ್ನಡಕ.
ಎಡಗಾಲು ಮುಂದೆ, ಮೈಭಾರ ಅದರ ಮೇಲೆ,
ಬಿಗಿದ ಬಾಗಿಲನ್ನು ತಳ್ಳುವಷ್ಟು ಬಾಗು.
ಕೆನ್ನೆಯನ್ನು ಮರದ ಬಳಿ ಒಯ್ಯಬೇಡ, ಮರ ಕೆನ್ನೆಗೆ ಬರಲಿ,
ನಿದ್ದೆಗಣ್ಣಿನ ಕೂಸನ್ನು ಎತ್ತಿಕೊಂಡ ಹಾಗೆ;
ಆಮೇಲೆ ಭುಜದ ಗುಳಿ ತಾನಾಗಿ ಸಿಗುತ್ತದೆ.
ಬೆರಳು ಕುದುರೆಯನ್ನು ಮುಟ್ಟಬಾರದು, ನಾನು ಹೇಳುವ ತನಕ.

ಎಡಗಣ್ಣು ಮುಚ್ಚಿದೆ.
ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು,
ಕೇಳದೆಯೇ ಮುಚ್ಚಿತು.
"ಲಾ, ಲಾ! ಎರಡೂ ತೆರೆ.
ನಳಿಗೆ ತುದಿಯ ಮಣಿ ನೋಡುತ್ತ ನಿಂತವನಿಗೆ
ತಟ್ಟೆ ಸಲಾಂ ಹೇಳಿ ಹೋಗುತ್ತದೆ."

ಪುಲ್, ಅಂದೆ. ಗಂಟಲಲ್ಲೇ ಉಳಿಯಿತು.
ಇನ್ನೊಮ್ಮೆ ಅಂದೆ. ಗುಂಡಿಯೊಳಗಿನ ಯಂತ್ರ ಖಟ್ಟೆಂದು
ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆಯೊಂದು
ಬೂದು ಬೆಟ್ಟವನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋಯಿತು.
ಅದು ಆಗಷ್ಟೇ ಇದ್ದ ಜಾಗಕ್ಕೆ ಹೊಡೆದೆ.
"ಹಿಂದೆ," ಅಂದ ತಾಜುಸ್ಸಿರ್.
ಎರಡನೆಯದು. "ಹಿಂದೆ."
ಮೂರನೆಯದಕ್ಕೆ ಬೀಜ ಉಗಿದ, ಅಷ್ಟೆ.

"ಎಳೆಯುವಾಗ ಕೈ ನಿಲ್ಲಿಸುತ್ತೀ. ತಟ್ಟೆ ನಿನಗೆ ಕಾಯುತ್ತದೆಯೇ?
ಬಾಲದಿಂದ ಹಿಡಿ, ಮೈ ದಾಟು, ಮುಂದೆ ಹೋಗಿ ಎಳೆ,
ಎಳೆದ ಮೇಲೂ ಹೋಗುತ್ತಲೇ ಇರು."

ಅಯ್ಯೋ, ಇದು ನನ್ನ ಕಾಲಿಗೆ ಗೊತ್ತಿರುವ ಪಾಠ!
ಬಟ್ಟೆ ಮುಗಿದರೂ ಪೆಡಲು ಬಿಡಬಾರದು,
ನಾಲ್ಕು ಹೊಲಿಗೆ ಬರೀ ಗಾಳಿಗೆ ಹಾಕಬೇಕು,
ಅಂಚಿನಲ್ಲೇ ನಿಂತರೆ ದಾರ ಬಿಚ್ಚಿಕೊಳ್ಳುತ್ತದೆ.

ಆರನೆಯ ತಟ್ಟೆಗೆ
ಸೊಂಟದಿಂದ ತಿರುಗಿದೆ, ತಿರುಗುತ್ತಲೇ ಇದ್ದೆ.
ಸದ್ದು ಎದೆಯೊಳಗೆ ಆಯಿತು. ಎದುರಿಗೆ
ಯಾರೋ ಅಂಗೈಯಿಂದ ಊದಿದಂತೆ ಒಂದು ಚಿಟಿಕೆ ಕಿತ್ತಳೆ ಪುಡಿ.
ನಕ್ಕೆ. ಮುಚ್ಚಿದ ಕಿವಿಗೆ ನನ್ನ ನಗು
ಪಕ್ಕದ ಮನೆಯದೆನಿಸಿತು.

ಕೈತೊಳೆಯುವ ಕೋಣೆಯ ಕನ್ನಡಿಯಲ್ಲಿ ಗುಂಡಿ ಬಿಚ್ಚಿ ನೋಡಿದೆ.
ಕೆಂಪು, ಅರ್ಧ ರೊಟ್ಟಿಯಷ್ಟು.
ಟೇಪು ಕೊರಳಲ್ಲೇ ಇತ್ತು, ಹಿಡಿದೆ.
ಜಾಕೀಟಿನ ಮೇಲೆ ಹಿಡಿದೆ. ಮತ್ತೆ ಮೈಮೇಲೆ.
ನನ್ನ ಮೆತ್ತೆ ಮುಗಿಯುವ ಕಡೆಯಿಂದ ಇನ್ನೂ ಒಂದು ಬೆರಳು ಕೆಳಗೆ
ನೋವು.

ಹನ್ನೊಂದು ವರ್ಷ. ಎಷ್ಟು ಭುಜ?
ಕಳೆದ ಚಳಿಗೆ ಬಂದಿದ್ದ ಶಾಲೆಯ ಹುಡುಗಿಯರು,
ಆ ಕೆಮ್ಮಿನ ಈಜಿಪ್ಟಿನ ಎಂಜಿನಿಯರ್,
ಒಬ್ಬರೂ ಹೇಳಲಿಲ್ಲ. ಬಂದೂಕೆಂದರೆ
ಹೀಗೇ ಅಂದುಕೊಂಡಿರಬೇಕು.

ಹೊರಗೆ ಬೆಂಚಿನಲ್ಲಿ ಕೂತು ಬ್ಲೇಡು ತೆಗೆದೆ,
ಮೊದಲ ಜಾಕೀಟಿನ ಹೊಲಿಗೆ ಬಿಚ್ಚತೊಡಗಿದೆ.
ಕ್ಯಾಷಿಯರ್ ಬಂದು ನೋಟು ಎಣಿಸಿ ಚಾಚಿದ.
ಬುಕ್ರಾ, ಅಂದೆ, ನಾಳೆ.
ಅವನು ತಾಜುಸ್ಸಿರನ ಮುಖ ನೋಡಿದ.

ತಾಜುಸ್ಸಿರ್ ನನ್ನ ಬೆರಳನ್ನೇ ನೋಡುತ್ತ ನಿಂತಿದ್ದವನು
ತೊಟ್ಟಿದ್ದ ತನ್ನ ಹಳೆಯ ಜಾಕೀಟನ್ನು ಕಳಚಿ
ನನ್ನ ಮಡಿಲಿಗೆ ಎಸೆದ.