ಸೊನ್ನೆ ಕಿಲೋ

ಮಂಗಳೂರು ದಕ್ಕೆ. ಐಸ್ ಪ್ಲಾಂಟಿನ ಮೇಜಿನಡಿ
ಹಳೇ ಕಂಪ್ಯೂಟರು. ಸರ್ವರು ಅಂದರೆ ಇದೇ,
ಫ್ಯಾನಿಗೂ ಬಂಗುಡೆ ವಾಸನೆ.

ರಾತ್ರಿ ಎರಡೂವರೆಗೆ ಏಜೆಂಟಿಗೆ ಬೀಗದಕೈ ಕೊಟ್ಟೆ:
ನಲವತ್ತು ಅಕ್ಷರ, ಬಾಯಿಗೆ ಸಿಗದ್ದು.
ಬೋಟು ಬಂದರೆ ತೂಕ ಬರೆ,
ತೂಕ ಬಂದರೆ ಐಸಿನವರಿಗೆ ಹೇಳು.
ಗಂಟಿಗೆ ಗಂಟು ಹಾಕುತ್ತ ಹೋಯಿತು
ಬಲೆ ಕಟ್ಟುವ ಲೀಲಾಧರಣ್ಣನ ಹಾಗೆ,
ಬೀಡಿ ಒಂದಿಲ್ಲ.

ಮತ್ತೆ ಕೇಳಿತು:
ತೂಕ ಸೊನ್ನೆ ಬಂದರೆ
ತಪ್ಪೆಂದು ತಳ್ಳಿಬಿಡಲೇ?

ಕಿಟಕಿಯಾಚೆ ಬೋಟೊಂದು
ಖಾಲಿ ಬುಟ್ಟಿಗಳನ್ನು ಇಳಿಸುತ್ತಿತ್ತು.
ಯಾರೂ ಬೊಬ್ಬೆ ಹಾಕುತ್ತಿರಲಿಲ್ಲ.

ಬೆರಳು ಸ್ವಲ್ಪ ತಡೆಯಿತು. ಟೈಪಿಸಿದೆ:
ತಪ್ಪಲ್ಲ, ಬರೆ.
ಐಸಿನವರಿಗೆ ಬೇಡ,
ಗೂಡಂಗಡಿಯ ಬೀಫಾತುಮ್ಮನಿಗೆ ಮೆಸೇಜು ಹೋಗಲಿ:
ಏಳು ಚಾ,
ಲೆಕ್ಕ ನನ್ನ ಹೆಸರಿಗೆ.