ಹೊಸಾ ನಳಗಿ

ಬೆಟಗೇರಿ ಮನಿ ಪಡಸಾಲ್ಯಾಗ ಅಪ್ಪ
ಬಲೂನ ಹೊಡಿಯೋ ಬಂದೂಕಿನ ನಳಗಿ ಬಿಚ್ಚಿದ.
ತುಕ್ಕ ಹಿಡಿದ ಸ್ಕ್ರೂ, ಚಿಮಣಿ ಎಣ್ಣಿ, ಮೂರು ಬೈಗಳ.
ದುರ್ಗದಬೈಲಿನಿಂದ ತಂದ ಹೊಸಾದನ್ನ
ಬಲ್ಬಿಗೆ ಹಿಡಿದು ಒಳಗ ಇಣಿಕಿದ:
"ಬಾವಿ ಇದ್ದಂಗ ಐತಿ, ತಳದಾಗ ಬೆಳಕು."

ಗೋಣಿಚೀಲದ ಮ್ಯಾಲ ಹ್ವಾದ ತಿಂಗಳ ಕ್ಯಾಲೆಂಡರ ಹಾಳಿ.
ಹನ್ನೆರಡು ಹೆಜ್ಜಿ.
ಗುರಿ, ಅಮಾಸಿಯ ಕರೇ ಚುಕ್ಕಿ.
ಐದು ಛರ್ರಿ. ಐದೂ
ಒಂದ ರೂಪಾಯಿ ಮುಚ್ಚುವಷ್ಟು ಒತ್ತಾಗಿ
ಬಿದ್ದಾವ,
ಹಿಂದಿನ ವಾರದಾಗ.

ಸೊಟ್ಟ ನಳಗಿಗಂತ ಹದಿನೆಂಟು ವರ್ಷ
ಎರಡು ಬೆರಳ ಎಡಕ್ಕ ಹಿಡಿದ ಕಣ್ಣು
ನೆಟ್ಟಗಿದ್ದದ್ದನ್ನ ನಂಬವಲ್ದು.

"ಸಂಗೂ, ನೀ ಹೊಡಿ."
ಕಂಡಲ್ಲೇ ಹಿಡಿದೆ.
ಅಮಾಸಿ ತೂತಾತು.

ಅಪ್ಪ ನಗಲಿಲ್ಲ. ಬಂದೂಕ ಇಸಗೊಂಡು,
"ನಾಳಿಂದ ಗಿರಾಕಿ ಗೆಲ್ತಾರ" ಅಂದ,
ಬಲೂನಿನ ಪುಡಿಕಿ ಎಣಿಸಕೋತ.