ಸೈಲೆನ್ಸರಿನೊಳಗಿನ ಮಣ್ಣು

ಬಂದರಿನ ಗುಜರಿಯಲ್ಲಿ ಹಮ್ಮಬ್ಬ ಬ್ಯಾರಿ
ಗೋಣಿಯ ಮೇಲೆ ಮೂರು ಗರಗಸ ಮಲಗಿಸಿದ,
ಮಾರುಕಟ್ಟೆಯಲ್ಲಿ ಮೀನು ಹಾಸಿದ ಹಾಗೆ.
ಮುಟ್ಟಿ ನೋಡಿ, ಮೂಸಿ ನೋಡಿ,
ಆಮೇಲೆ ಬಂದು ಬಯ್ಯಬೇಡಿ.

"ಗಂಡಸರು ಬರಲಿಲ್ವಾ ಬಾಯಮ್ಮ?"
ಬರಲಿಲ್ಲ. ಬೇಕರಿಯ ಭಟ್ಟಿಗೆ ಬೆಂಕಿ ಹಾಕುವವಳು ನಾನು.
ಮರ ಕೊಯ್ದು ಕೊಡುತ್ತಿದ್ದ ಬಾಬು ಮೆಷಿನ್ ಸಮೇತ
ರಬ್ಬರ್ ತೋಟಕ್ಕೆ ಹೋಗಿ ಎರಡು ತಿಂಗಳು.
ಕುಲಶೇಖರದ ನಮ್ಮ ಗೋಡೆಗೆ ಒರಗಿಕೊಂಡು
ಮೇ ತಿಂಗಳ ಗಾಳಿಗೆ ಬಿದ್ದ ಹುಣಸೆ ಉಂಟು,
ಕೊಡಲಿ ಹಾಕಿದರೆ ಇಗರ್ಜಿಯ ಗಂಟೆಯಂತೆ ಸದ್ದು,
ಅಷ್ಟೇ. ಒಂದು ಚಕ್ಕೆ ಏಳುವುದಿಲ್ಲ.

ಮೊದಲನೆಯದಕ್ಕೆ ಹೊಸ ಬಣ್ಣ, ಮದುಮಗನ ಠೀವಿ.
ಹಗ್ಗ ಎಳೆದೆ. ಬಂದೇ ಬಂತು,
ಬಾವಿಯೊಳಗೆ ಕೊಡಪಾನ ಕಳಚಿಕೊಂಡಾಗ
ಕೈಗೆ ಹಗುರಾಗಿ ಬರುವ ಹಗ್ಗದ ಹಾಗೆ.
ಹಿಡಿಯಿಂದ ನೇತುಹಾಕಿದೆ,
ಸರ್ರನೆ ನೆಲಕ್ಕಿಳಿದು ಕೂತಿತು.
ಬೇಡ.

"ಇದೆಲ್ಲ ಎಲ್ಲಿ ಕಲಿತದ್ದು?"
ಬೆಂಗ್ರೆಯ ದಂಡೆಯಲ್ಲಿ ಅಪ್ಪ
ದೋಣಿಯ ಎಂಜಿನ್ ಬಿಚ್ಚುವಾಗ ಟಾರ್ಚ್ ಹಿಡಿದವಳು.
ಕೈ ಅಲುಗಿದರೆ ಸ್ಪ್ಯಾನರಿನಿಂದ ಮೊಣಕೈಗೆ ಒಂದು.
ಪಾಠ ಅಷ್ಟೇ.

ಎರಡನೆಯದರ ಸೈಲೆನ್ಸರ್ ಬಿಚ್ಚಿ
ಕಂಡಿಯಲ್ಲಿ ಕಣ್ಣಿಟ್ಟೆ.
ಪಿಸ್ಟನ್ನಿನ ಮೈತುಂಬ ನೆಟ್ಟಗಿನ ಗೀರು,
ಬೆಕ್ಕು ರಾತ್ರಿಯಿಡೀ ಪರಚಿದ ಬಾಗಿಲು.
ಎಣ್ಣೆ ಬೆರೆಸದೆ ಬರೀ ಪೆಟ್ರೋಲ್ ಕುಡಿಸಿದ್ದಾರೆ,
ಯಾರದೋ ಐದು ನಿಮಿಷದ ಅವಸರ.

ಮೂರನೆಯದನ್ನು ನೋಡಿದರೆ ಪಾಪ ಅನಿಸಬೇಕು.
ಬಾರ್ ಇಲ್ಲ, ಚೈನ್ ಇಲ್ಲ,
ಟ್ಯಾಂಕಿನ ಬಾಯಿಗೆ ಲುಂಗಿಯ ಚೂರು,
ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು ಸುತ್ತಿದ ಕೈ ಎಡಗೈ.
ನೇತುಹಾಕಿದೆ.
ಒಂದು ಗುಟುಕು ಇಳಿದು ನಿಂತಿತು.
ಯೋಚಿಸಿ ಇನ್ನೊಂದು ಗುಟುಕು.

"ಸ್ಪಾರ್ಕ್ ಉಂಟು, ಸ್ಟಾರ್ಟ್ ಆಗುವುದಿಲ್ಲ," ಅಂದ ಹಮ್ಮಬ್ಬ,
"ಎಂತ ಕತೆಯೋ."

ಬಿಚ್ಚಿದೆ.
ಸೈಲೆನ್ಸರಿನೊಳಗೆ ಮಣ್ಣು, ನಯವಾಗಿ ಮೆತ್ತಿದ ಮಣ್ಣು.
ಕಡಜ ಕಟ್ಟಿದ ಮೂರು ಕೋಣೆ,
ಒಂದೊಂದರಲ್ಲೂ ಕಾಲು ಮಡಚಿ ಒಣಗಿದ ಜೇಡಗಳು,
ಹುಟ್ಟದೇ ಹೋದ ಮರಿಗೆ ತುಂಬಿಟ್ಟ ಬುತ್ತಿ.
ಅದರ ಹಿಂದೆ, ಟಾರ್ಚಿನ ಬೆಳಕಿಗೆ
ಹೊಸ ಸ್ಟೀಲ್ ಲೋಟದಂತೆ ಪಿಸ್ಟನ್.

ನಾನು ಉಸಿರು ಬಿಡಲಿಲ್ಲ.
ಸ್ಕ್ರೂ ಮತ್ತೆ ಬಿಗಿದು, ಸೆರಗಿಗೆ ಕೈ ಒರೆಸಿ,
ಹಾಳಾದ ಹಿಟ್ಟು ನೋಡುವ ಮುಖ ಮಾಡಿದೆ.
"ಇದು ತೂಕಕ್ಕೆ ಹಾಕುವಂಥದ್ದು."
ಅವನು ಮೂರೂವರೆ ಅಂದ, ನಾನು ಒಂದೂವರೆ ಅಂದೆ,
ನಡುವೆ ಎರಡು ಚಾ ಬಂದು ಹೋಯಿತು.
ಎರಡು ಸಾವಿರದ ಇನ್ನೂರು.

ರಿಕ್ಷಾದಲ್ಲಿ ಇಡುವಾಗ ಹಮ್ಮಬ್ಬ ಬಗ್ಗಿ ಹೇಳಿದ,
"ಮಣ್ಣಿಗೆ ಬೇರೆ ದುಡ್ಡು ಹಿಡಿಯಲಿಲ್ಲ ಬಾಯಮ್ಮ."

ಅವನಿಗೆ ಗೊತ್ತಿತ್ತು.
ಹಾಗಾದರೆ ಇನ್ನೇನು ಗೊತ್ತಿತ್ತು?
ಹಂಪನಕಟ್ಟೆಯಿಂದ ಕಂಕನಾಡಿಯವರೆಗೂ
ಮಡಿಲಲ್ಲಿಟ್ಟ ಮೆಷಿನಿನ ಚಕ್ರ ಅಲುಗಾಡಿಸಿ ನೋಡಿದೆ.
ಬೇರಿಂಗ್ ಸದ್ದೋ, ರಿಕ್ಷಾದ ಸದ್ದೋ,
ತಿಳಿಯಲಿಲ್ಲ.

ಈಗ ಅದು ಬನ್ನಿನ ಟ್ರೇಯಲ್ಲಿ ಹರಡಿಕೊಂಡಿದೆ.
ಸ್ಕ್ರೂಗಳು ಮೊಟ್ಟೆಯ ಟ್ರೇಯ ಗುಳಿಗೊಂದರಂತೆ
ಬಿಚ್ಚಿದ ಕ್ರಮದಲ್ಲಿ.
ಕಾರ್ಬುರೇಟರಿನ ರಬ್ಬರು ಹಲಸಿನ ಹಪ್ಪಳವಾಗಿದೆ,
ಭವಂತಿ ರಸ್ತೆಯಲ್ಲಿ ಸಿಗಬಹುದು, ಬಾರೂ ಚೈನೂ ಅಲ್ಲೇ.
ಕಡೆಯ ಗುಳಿಯಲ್ಲಿ ಕಡಜದ ಗೂಡು.
ಎಸೆಯಲು ಎತ್ತಿಕೊಳ್ಳುತ್ತೇನೆ, ಅಲ್ಲೇ ಇಡುತ್ತೇನೆ.

ಬೆಳಗಿನ ಮೂರಕ್ಕೆ ಎದ್ದು
ಕೊನೆಯ ಸೌದೆ ಭಟ್ಟಿಗೆ ನೂಕಿ
ಮೂರು ಸಲ ಸೋಪು ಹಾಕಿ ಕೈ ತೊಳೆದೆ.
ಆದರೂ ಆರೂವರೆಗೆ ದೂಮಪ್ಪಣ್ಣ
ಪಾವು ಮುರಿದವರು ಮೂಗಿನ ಹತ್ತಿರ ಹಿಡಿದು
ನನ್ನ ಮುಖ ನೋಡಿದರು:
"ಎಂತ ಬಾಯಮ್ಮ, ಇವತ್ತು ದೋಣಿಯಲ್ಲಿ ಬೇಯಿಸಿದ್ದಾ?"